ಧಾರೆ ಸೀರೆಯ ಮೊದಲ ಮಳೆಗಾಲ

ಚಪ್ಪರ ಬಿಚ್ಚಿ, ಬಾಡಿಗೆ ಪಾತ್ರೆಗಳನ್ನು ಎಣಿಸಿ ಕಳಿಸಿ, ಮಿಕ್ಕ ತೆಂಗಿನಕಾಯಿ ಬಾಳೆಗೊನೆಗಳನ್ನು ನೆರೆಮನೆಗಳಿಗೆ ಹಂಚಿಯಾದ ಮೇಲೂ ಮದುವೆಮನೆಯಲ್ಲಿ ಒಂದು ಪ್ರಶ್ನೆ ಉಳಿದಿರುತ್ತದೆ. ಧಾರೆ ಸೀರೆಯನ್ನು ಇನ್ನೇನು ಮಾಡುವುದು? ತೊಳೆಯಬಹುದೇ, ಡ್ರೈಕ್ಲೀನಿಂಗಿಗೆ ಕೊಟ್ಟರೆ ಸಾಕೇ, ನುಸಿಗುಳಿಗೆ ಹಾಕಬಹುದೇ, ಪ್ಲಾಸ್ಟಿಕ್ ಕವರು ಒಳ್ಳೆಯದೇ, ಜರಿ ಕಪ್ಪಾಗದಂತೆ ಏನು ಮಾಡಬೇಕು? ಹೀಗೆ ಬೇರೆ ಬೇರೆ ರೂಪದಲ್ಲಿ ಬಂದರೂ ಎಲ್ಲದರ ಹಿಂದಿರುವ ಆಸೆ ಒಂದೇ. ಸಾವಿರಾರು ರೂಪಾಯಿ ಕೊಟ್ಟು, ಅದಕ್ಕಿಂತ ಹೆಚ್ಚು ಮನಸ್ಸಿಟ್ಟು ತಂದ ಸೀರೆ ಯಾವ ಬದಲಾವಣೆಯೂ ಇಲ್ಲದೆ ಹಾಗೇ ಇರಬೇಕು ಎಂಬುದು. ಅದಕ್ಕಾಗಿ ನಾವು ಕಂಡುಕೊಂಡಿರುವ ಉಪಾಯವೂ ಒಂದೇ: ಸುತ್ತಿ, ಮುಚ್ಚಿ, ಕಪಾಟಿನ ಅತಿ ಒಳಗಿನ ಮೂಲೆಗೆ ತಳ್ಳುವುದು. ನನ್ನ ವಾದ ಇದಕ್ಕೆ ತೀರಾ ವಿರುದ್ಧವಾದದ್ದು. ಘಟ್ಟದ ಅಂಚಿನ ನಮ್ಮ ಸೀಮೆಯಲ್ಲಿ ರೇಷ್ಮೆ ಸೀರೆಗೆ ಉಡುವುದರಿಂದ ಆಗುವ ಕೇಡು ಸಣ್ಣದು. ಉಟ್ಟದ್ದನ್ನು ಶುಚಿಮಾಡದೆ ಮುಚ್ಚಿಟ್ಟು ಮರೆಯುವುದರಿಂದ ಆಗುವ ಕೇಡೇ ದೊಡ್ಡದು.

ಇದಕ್ಕೆ ಮೊದಲ ಕಾರಣ ನಮ್ಮ ಪಂಚಾಂಗದಲ್ಲೇ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮದುವೆಗಳು ಹೆಚ್ಚಾಗಿ ನಡೆಯುವುದು ಅಡಿಕೆ ಕೆಲಸ ಮುಗಿದು ಕೈಗೆ ದುಡ್ಡೂ ಮನೆಗೆ ಬಿಡುವೂ ಬಂದ ಮೇಲೆ, ಅಂದರೆ ಏಪ್ರಿಲ್–ಮೇ ತಿಂಗಳ ಲಗ್ನಗಳಲ್ಲಿ. ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಮೃಗಶಿರೆ ಬರುತ್ತದೆ. ಅದರ ಬೆನ್ನಿಗೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಶಿರಸಿ ಪೇಟೆಯಲ್ಲೇ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದಂಥ ಘಟ್ಟದಂಚಿನ ಊರುಗಳಿಗೆ ಅದಕ್ಕಿಂತ ಬಹಳ ಹೆಚ್ಚು. ಮದುವೆಗೂ ಮಳೆಗೂ ನಡುವೆ ಸಿಗುವ ಅಂತರ ಒಮ್ಮೊಮ್ಮೆ ಮೂರು ನಾಲ್ಕು ವಾರ ಮಾತ್ರ. ಆ ವಾರಗಳು ಹೋಗುವುದು ಸತ್ಯನಾರಾಯಣ ಪೂಜೆಗೆ, ನೆಂಟರ ಮನೆಯ ಔತಣಗಳಿಗೆ, ಹೊಸ ದಂಪತಿಯ ತಿರುಗಾಟಕ್ಕೆ. ಸೀರೆ ಬೆವರಿನ ಸಮೇತ ಮಡಚಿ ಕುಳಿತಿರುತ್ತದೆ. ರೇಷ್ಮೆಯ ಸ್ವಭಾವವೋ, ಗಾಳಿಯ ತೇವವನ್ನು ಕುಡಿಯುವುದು. ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ನೀರನ್ನು ಹೀರಿಕೊಂಡರೂ ಅದು ಮುಟ್ಟಿದವರಿಗೆ ಒದ್ದೆ ಎನ್ನಿಸುವುದಿಲ್ಲ. ಗಾಳಿಯ ತೇವಾಂಶ ನೂರಕ್ಕೆ 65–70ರ ಮೇಲೆ ನಿಂತರೆ ಬೂಷ್ಟು ಹುಟ್ಟಲು ಬೇಕಾದ ಸ್ಥಿತಿ ಸಿದ್ಧವಾಗುತ್ತದೆ; ನಮ್ಮಲ್ಲಿ ಆಷಾಢದ ದಿನಗಳಲ್ಲಿ ಅದು 90ನ್ನು ದಾಟಿ ವಾರಗಟ್ಟಲೆ ಕೆಳಗಿಳಿಯುವುದೇ ಇಲ್ಲ. ಸರಿಯಾಗಿ ಒಣಗದ ಚಾಲಿ ಅಡಿಕೆಯನ್ನು ಮಳೆಗಾಲಕ್ಕೆ ಮುಂಚೆ ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಏನಾಗುತ್ತದೆಂದು ಇಲ್ಲಿನ ಯಾವ ಬೆಳೆಗಾರನಿಗೂ ಹೇಳಿಕೊಡಬೇಕಿಲ್ಲ. ಅದೇ ಮನೆಯಲ್ಲಿ ಸೀರೆಯ ವಿಷಯದಲ್ಲಿ ಮಾತ್ರ ಆ ತಿಳಿವಳಿಕೆ ಕೆಲಸಕ್ಕೆ ಬರುವುದಿಲ್ಲ.

ಮದುವೆಯ ದಿನ ಸಂಜೆ ಆ ಸೀರೆಯ ಮೈಮೇಲೆ ಏನೇನಿರುತ್ತದೆ ಎಂದು ಒಮ್ಮೆ ಕೂತು ಲೆಕ್ಕ ಹಾಕಬೇಕು. ಧಾರೆಯ ನೀರು ಹಾಲು, ಅಕ್ಷತೆಯ ಅರಿಶಿನ, ಕುಂಕುಮ, ಹೋಮದ ತುಪ್ಪ ಮತ್ತು ಮಸಿ, ಹಾರದ ಹೂವಿನ ರಸ, ಹೋಳಿಗೆಯ ತುಪ್ಪ, ಪಾಯಸ, ಅಪ್ಪೆಹುಳಿ, ಬಾಳೆಯೆಲೆಯ ಕರೆ, ಮೇಕಪ್ಪಿನ ಎಣ್ಣೆ, ಸೆಂಟು. ಎಲ್ಲಕ್ಕಿಂತ ಹೆಚ್ಚಾಗಿ ಮೇ ತಿಂಗಳ ಧಗೆಯಲ್ಲಿ, ಹೋಮಕುಂಡದ ಎದುರು ಗಂಟೆಗಟ್ಟಲೆ ಕೂತ ಮೈಯ ಬೆವರು. ಇವುಗಳಲ್ಲಿ ಕಣ್ಣಿಗೆ ಕಾಣುವ ಕಲೆಗಳಿಗೆ ನಾವು ಹೆದರುತ್ತೇವೆ. ನಿಜವಾಗಿ ಹೆದರಬೇಕಾದದ್ದು ಕಾಣದವುಗಳಿಗೆ. ಪಾಯಸದ ಹನಿ, ಪಾನಕ, ತಂಪುಪಾನೀಯ ಒಣಗಿದಾಗ ಏನೂ ಆಗದಂತೆ ಮಾಯವಾಗುತ್ತವೆ. ಒಳಗೆ ಉಳಿದ ಸಕ್ಕರೆ ತಿಂಗಳುಗಳು ಕಳೆದಂತೆ ಕಂದಾಗುತ್ತಾ ಬಂದು, ವರ್ಷದ ನಂತರ ಸೀರೆ ಬಿಚ್ಚಿದಾಗ ಎಲ್ಲಿಂದಲೋ ಬಂದ ಕಂದು ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತದೆ. ಬೆವರಿನ ಉಪ್ಪು ಇನ್ನೂ ನಿಧಾನದ ಶತ್ರು. ಅದು ರೇಷ್ಮೆಯ ಪ್ರೋಟೀನ್ ಎಳೆಯನ್ನೇ ದುರ್ಬಲ ಮಾಡುತ್ತದೆ, ಬಣ್ಣವನ್ನು ಕದಲಿಸುತ್ತದೆ, ಜರಿಯ ಲೋಹವನ್ನು ಕಂದಿಸುತ್ತದೆ, ಮೇಲಾಗಿ ತೇವವನ್ನು ತನ್ನ ಕಡೆಗೆ ಸೆಳೆದುಕೊಂಡು ಕೂರುತ್ತದೆ. ಸೆರಗಿಗೂ ನೆರಿಗೆಗೂ ಚುಚ್ಚಿದ ಪಿನ್ನುಗಳನ್ನೆಲ್ಲ ತೆಗೆದಿದ್ದೇವೆ ಎಂದುಕೊಂಡರೂ ಒಂದೆರಡು ಒಳಗೇ ಉಳಿದಿರುತ್ತವೆ. ಕಬ್ಬಿಣದ ತುಕ್ಕು ಬಾಳೆಯ ಕರೆಗೋ ಕವಳದ ಅಡಿಕೆಯ ಚೊಗರಿಗೋ ತಾಗಿದರೆ ಹುಟ್ಟುವುದು ಹಳೆಯ ಕಾಲದಲ್ಲಿ ಶಾಯಿ ಮಾಡುತ್ತಿದ್ದ ಅದೇ ಕಪ್ಪು. ಚೊಗರಿನ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ, ಏಕೆಂದರೆ ಆ ಕಪ್ಪನ್ನು ರೇಷ್ಮೆಯಿಂದ ಬಿಡಿಸುವ ಸುರಕ್ಷಿತ ದಾರಿಯೇ ಇಲ್ಲವೆನ್ನಬೇಕು.

ಹಾಗಾಗಿ ಮದುವೆಯ ರಾತ್ರಿಯೇ ಮಾಡಬೇಕಾದ ಕೆಲಸ ಸ್ವಲ್ಪವೇ ಇದ್ದರೂ ಮುಖ್ಯವಾದದ್ದು. ಪಿನ್ನುಗಳನ್ನೆಲ್ಲ ತೆಗೆದು, ಸೀರೆಯನ್ನು ಮಡಚದೆ, ಒಳಕೋಣೆಯಲ್ಲಿ ದಪ್ಪನೆಯ ಹಗ್ಗಕ್ಕೆ ಹಳೆಯ ಪಂಚೆ ಹಾಸಿ ಅದರ ಮೇಲೆ ಒಂದು ರಾತ್ರಿ ಹರವಿ ಬಿಟ್ಟರೆ ಬೆವರಿನ ಹಸಿ ಆರುತ್ತದೆ. ಕುಂಕುಮ ಬಿದ್ದ ಜಾಗಕ್ಕೆ ನೀರು ಮುಟ್ಟಿಸಬಾರದು. ಈಗಿನ ಕುಂಕುಮದಲ್ಲಿರುವ ಕೃತಕ ಬಣ್ಣ ನೀರು ಕಂಡ ಕೂಡಲೇ ಹರಡುತ್ತದೆ. ಒಣಗಿದ ಮೃದು ಬ್ರಷ್ಷಿನಲ್ಲಿ ಕೊಡವುವುದೇ ಸರಿ. ಅರಿಶಿನಕ್ಕೆ ಸೋಪು ಹಚ್ಚುವ ಅವಸರವೂ ಬೇಡ. ಕ್ಷಾರ ತಾಗಿದೊಡನೆ ಅರಿಶಿನ ಕೆಂಪಾಗುವುದನ್ನು ಎಲ್ಲರೂ ಓಕುಳಿ ನೀರಿನಲ್ಲಿ ನೋಡಿಯೇ ಇರುತ್ತಾರೆ, ಸೀರೆಯ ಮೇಲೂ ಆಗುವುದು ಅದೇ. ತುಪ್ಪದ ಕಲೆಯ ಮೇಲೆ ಟಾಲ್ಕಂ ಪೌಡರನ್ನೋ ನುಣ್ಣಗೆ ಪುಡಿಮಾಡಿದ ಸೀಮೆಸುಣ್ಣವನ್ನೋ ಉದುರಿಸಿ ರಾತ್ರಿಯಿಡೀ ಬಿಟ್ಟರೆ ಬಹುಪಾಲು ಜಿಡ್ಡನ್ನು ಅದು ಎಳೆದುಕೊಳ್ಳುತ್ತದೆ. ಎಲ್ಲಿ ಏನು ಬಿತ್ತು ಎಂಬುದು ಆ ದಿನ ನೆನಪಿರುತ್ತದೆ, ವಾರದ ಮೇಲೆ ಮರೆಯುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟರೆ ಮುಂದಿನ ಹಂತದಲ್ಲಿ ಅದಕ್ಕಿಂತ ಉಪಯುಕ್ತವಾದದ್ದು ಬೇರೆ ಇಲ್ಲ.

ಮುಂದಿನ ಹಂತವೆಂದರೆ ಡ್ರೈಕ್ಲೀನಿಂಗ್. ಇಲ್ಲಿ ಬರುವ ಆಕ್ಷೇಪ ಗೊತ್ತಿದ್ದದ್ದೇ: ದುಡ್ಡು ಕೊಟ್ಟು ಡ್ರೈಕ್ಲೀನ್ ಮಾಡಿಸಿದ್ದೇವೆ, ಇನ್ನು ಬೆವರು ಸಕ್ಕರೆ ಎಂದೆಲ್ಲ ಹೆದರಿಸುವುದೇಕೆ? ಹೆದರಿಸುವುದಲ್ಲ, ಕೆಲಸ ನಡೆಯುವ ರೀತಿಯೇ ಹಾಗಿದೆ. ಡ್ರೈಕ್ಲೀನಿಂಗಿನಲ್ಲಿ ಬಟ್ಟೆಗೆ ತಾಗುವುದು ನೀರಲ್ಲ, ದ್ರಾವಕ. ದೊಡ್ಡ ಯಂತ್ರಗಳಲ್ಲಿ ಪರ್‌ಕ್ಲೋರೊಎಥಿಲೀನ್, ಸಣ್ಣ ಪೇಟೆಗಳಲ್ಲಿ ಹೆಚ್ಚಾಗಿ ಟರ್ಪೆಂಟೈನ್ ಜಾತಿಯ ಪೆಟ್ರೋಲಿಯಂ ಎಣ್ಣೆ. ಜನ ಪೆಟ್ರೋಲ್ ವಾಶ್ ಎನ್ನುವುದು ಇದನ್ನೇ. ಇವು ತುಪ್ಪ, ಎಣ್ಣೆ, ಮೇಕಪ್ಪಿನ ಜಿಡ್ಡನ್ನು ಚೆನ್ನಾಗಿ ಕರಗಿಸುತ್ತವೆ. ನೀರಿನಲ್ಲಿ ಮಾತ್ರ ಕರಗುವ ಸಕ್ಕರೆ, ಉಪ್ಪು ಇವುಗಳಿಗೆ ಜಗ್ಗುವುದಿಲ್ಲ. ಒಳ್ಳೆಯ ಕೆಲಸಗಾರ ದ್ರಾವಕಕ್ಕೆ ಹಾಕುವ ಮೊದಲು ಕಲೆಯಿದ್ದ ಜಾಗಗಳನ್ನು ಗುರುತಿಸಿ, ತೇವದ ಬಟ್ಟೆಯಿಂದ ಒಂದೊಂದಾಗಿ ಒತ್ತಿ ತೆಗೆಯುತ್ತಾನೆ. ಆದರೆ ಕಾಣದ ಪಾಯಸದ ಹನಿ ಎಲ್ಲಿದೆಯೆಂದು ಅವನಿಗೆ ಯಾರು ಹೇಳಬೇಕು? ಆ ಚೀಟಿ ಬೇಕಾಗುವುದು ಇಲ್ಲೇ. ಡ್ರೈಕ್ಲೀನಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಭಾರಿ ಜರಿಯ, ಎದುರುಬಣ್ಣದ ಅಂಚಿನ ಸೀರೆಗೆ ಅದೇ ಸರಿಯಾದ ದಾರಿ. ಕಲೆಗಳ ವಿವರ ಕೊಡದೆ ಗಂಟುಕಟ್ಟಿ ಒಪ್ಪಿಸಿ ಬಂದು ನಿಶ್ಚಿಂತರಾಗುವುದು ಬೇಡ ಎನ್ನುತ್ತಿದ್ದೇನೆ. ಹಾಗೆಯೇ, ಇಡುವ ಸೀರೆಗೆ ರೋಲ್ ಪಾಲಿಶ್ ಮಾಡಿಸಬಾರದು. ಹೊಸತರಂತೆ ಕಾಣಿಸುವ ಆ ಬಿರುಸು ಬರುವುದು ಗಂಜಿ ಅಥವಾ ಅಂಟಿನಿಂದ. ಗಂಜಿ ಎಂದರೆ ಬೆಳ್ಳಿಹುಳಕ್ಕೂ ಜಿರಲೆಗೂ ಊಟ, ಬೂಷ್ಟಿಗೂ ಊಟ. ಬಿರುಸಾದ ಮಡಿಕೆಯಲ್ಲಿ ಎಳೆ ಬೇಗ ಮುರಿಯುತ್ತದೆ ಕೂಡ. ಪಾಲಿಶ್ ಬೇಕಿದ್ದರೆ ಮುಂದಿನ ಸಲ ಉಡುವ ಮುಂಚೆ ಮಾಡಿಸಿದರಾಯಿತು.

ಮನೆಯಲ್ಲೇ ತೊಳೆಯುವವರಿಗೆ ನಮ್ಮ ಕಡೆಯ ಹಳೆಯ ಸಾಮಗ್ರಿ ಅಂಟುವಾಳ. ಅದರ ನೊರೆ ಕ್ಷಾರವಲ್ಲ, ಸ್ವಲ್ಪ ಹುಳಿಯ ಕಡೆಗೇ ವಾಲಿದ್ದು. ರೇಷ್ಮೆಗೆ ಒಗ್ಗುವುದು ಆ ಗುಣದಿಂದ. ಬಟ್ಟೆ ತೊಳೆಯುವ ಮಾಮೂಲಿ ಪುಡಿಗಳು ಕ್ಷಾರವೂ ಹೌದು, ಹಲವದರಲ್ಲಿ ರಕ್ತ ಮೊಟ್ಟೆಯ ಕಲೆ ಬಿಡಿಸಲೆಂದು ಪ್ರೋಟೀನನ್ನು ತಿನ್ನುವ ಕಿಣ್ವಗಳೂ ಇರುತ್ತವೆ. ರೇಷ್ಮೆಯೇ ಪ್ರೋಟೀನ್ ಎಂಬುದು ಆ ಕಿಣ್ವಕ್ಕೆ ತಿಳಿಯದು. ಅಂಟುವಾಳದ ಹೆಸರೆತ್ತಿದೊಡನೆ ಹಳೆಯದೆಲ್ಲ ಒಳ್ಳೆಯದು ಎಂಬ ಉತ್ಸಾಹ ಬರುವ ಅಪಾಯವಿದೆ, ಅದಕ್ಕೂ ಮಿತಿ ಹೇಳಿಬಿಡಬೇಕು. ತಿಳಿ ಬಣ್ಣದ ಸೀರೆಗೆ ಅಂಟುವಾಳದ ಕಂದು ರಸ ತಾನೇ ಬಣ್ಣ ಹಿಡಿಸಬಹುದು. ಅದಕ್ಕಿಂತ ಮುಖ್ಯವಾಗಿ, ಕೆಂಪು ಅಂಚು ಕೆನೆಬಣ್ಣದ ಒಡಲಿಗೆ ಇಳಿಯುವುದನ್ನು ಯಾವ ಸೌಮ್ಯ ಸಾಬೂನೂ ತಡೆಯಲಾರದು. ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯನ್ನು ಅಂಚಿನ ಒಳಮಗ್ಗುಲಿಗೆ ಹತ್ತು ನಿಮಿಷ ಒತ್ತಿಟ್ಟು, ಬಣ್ಣ ಹತ್ತಿದರೆ ನೀರಿನ ಯೋಚನೆಯನ್ನೇ ಬಿಡಬೇಕು. ಹತ್ತದಿದ್ದರೆ, ಜರಿ ಕಡಿಮೆಯಿರುವ ಒಂದೇ ಬಣ್ಣದ ಸೀರೆಯನ್ನು ತಣ್ಣೀರಿನಲ್ಲಿ, ಹಿಂಡದೆ, ನೆನೆಹಾಕದೆ, ಬೇಗ ಅದ್ದಿ ತೆಗೆದು ನೆರಳಿನಲ್ಲಿ ಆರಿಸಬಹುದು. ಫಾಲ್ ಹತ್ತಿಯದಾಗಿದ್ದರೆ ಅದು ಕುಗ್ಗಿ ಕೆಳಅಂಚನ್ನು ಸುಕ್ಕುಗಟ್ಟಿಸುತ್ತದೆ. ಮೊದಲೇ ಬಿಚ್ಚಿಡುವುದು ಜಾಣತನ.

ಪಟ್ಟೆಮಡಿಗೆ ಮೈಲಿಗೆಯಿಲ್ಲ, ರೇಷ್ಮೆಯನ್ನು ಉಟ್ಟು ಬಿಚ್ಚಿ ಗಾಳಿಗೆ ಹಾಕಿದರೆ ಸಾಕು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಆಚಾರದ ಮಾತಾಗಿ ಅದನ್ನು ಪ್ರಶ್ನಿಸಲು ನಾನು ಯಾರು? ಬೆವರಿನ ಉಪ್ಪಿಗೆ ಮಾತ್ರ ಮಡಿ ಮೈಲಿಗೆಯ ಗೊಡವೆಯಿಲ್ಲ. ಗಾಳಿಗೆ ಹಾಕಿದಾಗ ನೀರು ಆರುತ್ತದೆ, ಉಪ್ಪು ಬಟ್ಟೆಯಲ್ಲೇ ಉಳಿಯುತ್ತದೆ. ಈ ಬೆವರಿನ ಮುಕ್ಕಾಲು ಭಾರವನ್ನು ಹೊರುವುದು ಸೀರೆಯಲ್ಲ, ರವಿಕೆ. ಈಗಿನ ಮದುವೆ ರವಿಕೆಗಳೋ ಆರಿ ವರ್ಕಿನ ಮಣಿ, ಹರಳು, ಲೋಹದ ತಂತಿಗಳಿಂದ ಹೊರೆಯಾದವು, ಒಳಗೆ ಪ್ಯಾಡು, ಲೈನಿಂಗು ಬೇರೆ. ಸೀರೆಯ ಜತೆ ಅದನ್ನು ಒಂದೇ ಮಡಿಕೆಯಲ್ಲಿ ಇಟ್ಟರೆ ಹರಳು ರೇಷ್ಮೆಯನ್ನು ಗೀಚುತ್ತದೆ, ಕಂಕುಳಿನ ಬೆವರು ಸೀರೆಗೂ ಹತ್ತುತ್ತದೆ, ಕಳಪೆ ತಂತಿಯ ಹಸಿರು ಕಿಲುಬು ಪಕ್ಕದ ಬಟ್ಟೆಗೆ ಇಳಿಯುತ್ತದೆ. ಅಂಟು ಹಾಕಿ ಕೂರಿಸಿದ ಹರಳಿದ್ದರೆ ಡ್ರೈಕ್ಲೀನಿಂಗಿನ ದ್ರಾವಕ ಅಂಟನ್ನೇ ಕರಗಿಸೀತು. ರವಿಕೆಯ ಒಳಮೈಯನ್ನು ತೇವದ ಬಟ್ಟೆಯಿಂದ ಒತ್ತಿ ಒತ್ತಿ ಶುಚಿಮಾಡಿ, ಚೆನ್ನಾಗಿ ಆರಿಸಿ, ಬೇರೆ ಗಂಟಿನಲ್ಲಿ ಇಡುವುದು ಕನಿಷ್ಠ ಕ್ರಮ. ಸೀರೆ ಮೂವತ್ತು ವರ್ಷ ಬಾಳಿದರೂ ಈ ರವಿಕೆ ಬಾಳುತ್ತದೆಂಬ ಭರವಸೆ ನನಗಿಲ್ಲ.

ಜರಿಯ ಮಾತು ಬೇರೆಯೇ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ರೇಷ್ಮೆ ಸೀರೆಗೆ ಬಳಸುವ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ನಾವು ಚಿನ್ನದ ಜರಿ ಎನ್ನುವುದು ವಾಸ್ತವವಾಗಿ ಬೆಳ್ಳಿಯ ಮೇಲಿನ ತೀರಾ ತೆಳ್ಳನೆಯ ಚಿನ್ನದ ಲೇಪ. ಚಿನ್ನ ಕಂದುವುದಿಲ್ಲ, ಕೆಳಗಿನ ಬೆಳ್ಳಿ ಗಾಳಿಯಲ್ಲಿನ ಗಂಧಕದ ಅಂಶಕ್ಕೆ ಸಿಕ್ಕಿ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ, ಒಲೆಯ ಹೊಗೆ ಇವೆಲ್ಲ ಆ ಗಂಧಕದ ಮೂಲಗಳು. ಅಗ್ಗದ ಜರಿಯಲ್ಲಿ ಬೆಳ್ಳಿಯ ಬದಲು ತಾಮ್ರವಿರುತ್ತದೆ, ಇನ್ನೂ ಅಗ್ಗದ್ದು ಲೋಹದ ಲೇಪವಿರುವ ಪ್ಲಾಸ್ಟಿಕ್ ಪಟ್ಟಿ. ತಾಮ್ರ ತೇವ ಮತ್ತು ಬೆವರಿಗೆ ಸಿಕ್ಕರೆ ಹಸಿರುಗಟ್ಟುವುದಷ್ಟೇ ಅಲ್ಲ, ಪಕ್ಕದ ರೇಷ್ಮೆ ಎಳೆ ಬೇಗ ಜೀರ್ಣವಾಗುವಂತೆಯೂ ಮಾಡುತ್ತದೆ. ಪ್ಲಾಸ್ಟಿಕ್ ಜರಿಗೆ ಕಿಲುಬಿನ ಭಯವಿಲ್ಲ, ಇಸ್ತ್ರಿ ಪೆಟ್ಟಿಗೆಯದೇ ಭಯ. ಹುಣಸೆಹಣ್ಣು, ನಿಂಬೆರಸ, ಬೆಳ್ಳಿ ಪಾತ್ರೆ ತಿಕ್ಕುವ ಪುಡಿಗಳಿಂದ ಜರಿಗೆ ಹೊಳಪು ತರುವ ಉಪಾಯಗಳನ್ನು ಯಾರು ಹೇಳಿದರೂ ನಂಬಬಾರದು. ಹೊಳೆಯುವುದೇನೋ ನಿಜ, ಅದರ ಜತೆ ಆ 0.65 ಪಾಲಿನ ಚಿನ್ನವೂ ಸವೆದು ಹೋಗುತ್ತದೆ.

ಇನ್ನು ಮುಚ್ಚಿಡುವ ವಿಧಾನಗಳು. ಡ್ರೈಕ್ಲೀನಿಂಗಿನವರು ಹೊದಿಸಿ ಕೊಡುವ ಪ್ಲಾಸ್ಟಿಕ್ ಕವರು ಅಂಗಡಿಯಿಂದ ಮನೆಯವರೆಗಿನ ಧೂಳಿಗೆ ಮಾತ್ರ. ಮೇ ತಿಂಗಳಲ್ಲಿ ಹಾಕಿದ ಕವರಿನೊಳಗೆ ಮೇ ತಿಂಗಳ ಬೆಚ್ಚನೆಯ ಗಾಳಿ ಇರುತ್ತದೆ. ಜೂನಿನಲ್ಲಿ ಕಪಾಟು ತಣ್ಣಗಾದಾಗ ಆ ಗಾಳಿಯಲ್ಲಿದ್ದ ತೇವ ಹೊರಗೆ ಹೋಗಲಾರದೆ ಒಳಗೇ ಕೂರುತ್ತದೆ. ಗಾಳಿ ತೆಗೆದು ಬಿಗಿಯುವ ಚೀಲಗಳು ಮಡಿಕೆಗಳನ್ನು ಕತ್ತಿಯಂಚಿನಂತೆ ಒತ್ತುತ್ತವೆ, ಜರಿಗೆ ಅದೇ ಸಾವು. ಸಿಲಿಕಾ ಜೆಲ್ ಪೊಟ್ಟಣ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿ ಸುಮ್ಮನಾಗುತ್ತದೆ. ಗಾಳಿಯಾಡುವ ಕಪಾಟಿನಲ್ಲಿ, ನಿಲ್ಕುಂದದ ಜುಲೈ ತಿಂಗಳಲ್ಲಿ, ಅದು ಒಂದೆರಡು ದಿನದ ಕೆಲಸ. ಬಿಗಿಮುಚ್ಚಳದ ಡಬ್ಬಿಯಲ್ಲಿ, ಕಾಲಕಾಲಕ್ಕೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕುವ ಶಿಸ್ತಿದ್ದರೆ ಅದರಿಂದ ಪ್ರಯೋಜನವುಂಟು. ಆ ಶಿಸ್ತು ಹೆಚ್ಚಿನ ಮನೆಗಳಲ್ಲಿ ಎರಡನೇ ವರ್ಷಕ್ಕೆ ಮುಗಿಯುತ್ತದೆ. ನುಸಿಗುಳಿಗೆಯೋ, ಬೂಷ್ಟಿಗೆ ಏನೂ ಮಾಡದು. ಅದರ ಆವಿ ಬಿಗಿಯಾಗಿ ಮುಚ್ಚಿದ ಜಾಗದಲ್ಲಿ ದಟ್ಟವಾಗಿದ್ದರೆ ಮಾತ್ರ ಹುಳ ಸಾಯುತ್ತದೆ, ಮುಟ್ಟಿದ ಬಟ್ಟೆಗೆ ಕಲೆಯನ್ನೂ ಬಿಡಿಸಲಾಗದ ನಾತವನ್ನೂ ಕೊಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಗುಳಿಗೆಯ ನ್ಯಾಫ್ತಲೀನನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಕೆಲವು ಹಸುಳೆಗಳಲ್ಲಿ ಇರುವ ಹುಟ್ಟುಕೊರತೆಯೊಂದರಿಂದಾಗಿ ಅದರ ಆವಿ ತಗುಲಿದ ಬಟ್ಟೆ ಹೊದಿಸಿದರೂ ರಕ್ತದ ಕೆಂಪುಕಣಗಳು ಒಡೆಯಬಹುದು. ಬಾಣಂತಿ ಮಗು ಇರುವ ಮನೆಯ ಕಪಾಟಿನಲ್ಲಿ ಅದಕ್ಕೆ ಜಾಗವೇ ಇರಬಾರದು. ಲಾವಂಚದ ಬೇರು, ಬಜೆಯ ತುಂಡುಗಳನ್ನು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಇಡುವುದರಿಂದ ಹುಳ ಸ್ವಲ್ಪ ದೂರ ಸರಿದೀತು. ತೇವದ ವಿಷಯದಲ್ಲಿ ಅವೂ ಅಸಹಾಯಕವೇ.

ಹಾಗಾದರೆ ಇಡುವುದು ಹೇಗೆ? ಹಲವು ಸಲ ತೊಳೆದು ಗಂಜಿಯೆಲ್ಲ ಹೋದ ಬಿಳಿ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನ ಮೇಲಿನ ಅರೆಯಲ್ಲಿ, ಮೇಲೆ ಭಾರವಿಲ್ಲದಂತೆ. ಭಾರಿ ಜರಿಯದನ್ನು ಹ್ಯಾಂಗರಿಗೆ ನೇತುಹಾಕಬಾರದು, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ, ತಂತಿಯ ಹ್ಯಾಂಗರಾದರೆ ತುಕ್ಕು ಬೇರೆ. ದಪ್ಪ ರಟ್ಟಿನ ಕೊಳವೆಗೆ ಪಂಚೆ ಸುತ್ತಿ ಅದರ ಮೇಲೆ ಸೀರೆಯನ್ನು ಸುರುಳಿ ಮಾಡಿದರೆ ಮಡಿಕೆಯ ತಂಟೆಯೇ ಇಲ್ಲ. ಮಡಚಿಯೇ ಇಡುವುದಾದರೆ ಮಡಿಕೆಯ ಗೆರೆ ವರ್ಷಕ್ಕೆರಡು ಸಲ ಜಾಗ ಬದಲಿಸಬೇಕು. ಹಿಂದೆ ಕಪಾಟಿನೊಳಗೆ ಸಣ್ಣ ವ್ಯಾಟಿನ ಬಲ್ಬು ಉರಿಸಿ ಬೆಚ್ಚಗಿಡುವ ರೂಢಿ ಕೆಲವರಲ್ಲಿತ್ತು. ಗಾಳಿ ಬೆಚ್ಚಗಾದರೆ ಅದರ ತೇವಾಂಶದ ಪ್ರಮಾಣ ಇಳಿಯುತ್ತದೆ, ತತ್ತ್ವ ಸರಿಯೇ. ಆದರೆ ಎಲ್‌ಇಡಿ ಬಲ್ಬಿಗೆ ಆ ಬಿಸಿಯಿಲ್ಲ, ಹಳೆಯ ಬಲ್ಬು ಬಟ್ಟೆಗೆ ತಾಗಿದರೆ ಬೆಂಕಿ, ಮತ್ತೆ ಆಷಾಢದಲ್ಲಿ ನಮ್ಮ ಹಳ್ಳಿಗಳಿಗೆ ಕರೆಂಟು ಬರುವ ದಿನಗಳನ್ನು ನೆಚ್ಚಿಕೊಂಡು ಯಾವ ಯೋಜನೆಯನ್ನೂ ಮಾಡುವಂತಿಲ್ಲ. ಮಳೆಗಾಲದ ನಡುವೆ ಹೊಳವಾದ ದಿನ ಕಪಾಟು ತೆರೆದು ಮೂಸಿ ನೋಡಬೇಕು. ಮುಗ್ಗಲು ವಾಸನೆ ಬೂಷ್ಟಿಗಿಂತ ಮೊದಲು ಬರುತ್ತದೆ. ಬೂಷ್ಟು ಬಂದೇ ಬಿಟ್ಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದು ಅದನ್ನು ಎಳೆಯೊಳಗೆ ತುಂಬಿದಂತೆ. ಮೊದಲು ಪೂರ್ತಿ ಒಣಗಿಸಿ, ಆಮೇಲೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೃದುವಾಗಿ ಕೊಡವಬೇಕು. ವರ್ಷದ ದೊಡ್ಡ ಗಾಳಿಯಾಟಕ್ಕೆ ಹೇಳಿ ಮಾಡಿಸಿದ ಕಾಲ ದೊಡ್ಡಹಬ್ಬ, ಅಂದರೆ ದೀಪಾವಳಿ, ಕಳೆದ ಮೇಲಿನ ತಿಂಗಳುಗಳು, ಅಂಗಳದಲ್ಲಿ ಅಡಿಕೆ ಹರವುವ ಹೊತ್ತು. ಅಡಿಕೆಗೆ ಬಿಸಿಲು, ಸೀರೆಗೆ ನೆರಳು. ಬಿಸಿಲು ರೇಷ್ಮೆಯನ್ನು ಹಳದಿಯಾಗಿಸಿ ಬಣ್ಣ ಕೀಳುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆ ಬರದ ಕಡೆ ಇರಲಿ ಅಷ್ಟೆ.

ಇಷ್ಟೆಲ್ಲ ನೆನಪಿಟ್ಟುಕೊಂಡು ಮಾಡುವವರು ಯಾರು? ಇಲ್ಲಿಗೆ ನನ್ನ ವಾದದ ಇನ್ನೊಂದು ಅರ್ಧ ಬರುತ್ತದೆ. ಮೇಲೆ ಹೇಳಿದ ಎಲ್ಲ ಕೆಲಸಗಳೂ, ಅಂದರೆ ಬಿಚ್ಚುವುದು, ಗಾಳಿಯಾಡಿಸುವುದು, ಕಲೆ ಹುಡುಕುವುದು, ಮಡಿಕೆ ಬದಲಿಸುವುದು, ಸೀರೆಯನ್ನು ವರ್ಷಕ್ಕೊಂದೆರಡು ಸಲ ಉಟ್ಟರೆ ತಾನಾಗಿಯೇ ನಡೆದುಹೋಗುತ್ತವೆ. ನವರಾತ್ರಿ ಇದೆ, ದೊಡ್ಡಹಬ್ಬ ಇದೆ, ನೆಂಟರ ಮದುವೆಗಳಿವೆ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಇದೆ, ಹೆಚ್ಚಿನವು ಮಳೆ ತಗ್ಗಿದ ಮೇಲಿನವೇ. ಉಟ್ಟರೆ ಸವೆಯುವುದಿಲ್ಲವೇ, ಮತ್ತೆ ಕಲೆಯಾಗುವುದಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು, ತಳ್ಳಿಹಾಕಲಾರೆ. ಸವೆಯುತ್ತದೆ. ಪ್ರತಿ ಸಲವೂ ಒಂದಿಷ್ಟು ಬೆವರು, ಒಂದಿಷ್ಟು ತಿಕ್ಕಾಟ ಇದ್ದದ್ದೇ. ಆದರೆ ಅದು ಕಣ್ಣೆದುರಿಗೆ ಆಗುವ ಸವಕಲು. ಇಂದು ಬಿದ್ದ ಹನಿ ಇಂದೇ ಕಾಣುತ್ತದೆ, ಬಿಟ್ಟ ಹೊಲಿಗೆ ನಾಳೆ ಹಾಕಬಹುದು. ಮುಚ್ಚಿಟ್ಟ ಸೀರೆಯ ಹಾನಿ ಹಾಗಲ್ಲ. ಹತ್ತು ವರ್ಷ ಗೊತ್ತೇ ಆಗದೆ, ಕೊನೆಗೆ ತಂಗಿಯ ಮದುವೆಗೆಂದು ಬಿಚ್ಚುವಾಗ ಮಡಿಕೆಯ ಗೆರೆಯುದ್ದಕ್ಕೂ ಸೀಳಿ ಕೈಗೆ ಬರುತ್ತದೆ. ಆಗ ಮಾಡುವುದಕ್ಕೇನೂ ಉಳಿದಿರುವುದಿಲ್ಲ, ಹಳೆ ಜರಿ ಕೊಳ್ಳುವವನನ್ನು ಕರೆಯುವುದೊಂದು ಬಿಟ್ಟು.

ಯುರೋಪು, ಅಮೆರಿಕಗಳಲ್ಲಿ ಮದುವೆಯ ಗೌನನ್ನು ಶುಚಿಮಾಡಿ, ವಿಶೇಷ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಡುವುದೇ ಒಂದು ಉದ್ಯಮ. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಬಿಳಿ ರೇಷ್ಮೆ ತೊಟ್ಟ ಮೇಲೆ ಅಲ್ಲಿ ಬೇರೂರಿದ ಬಿಳಿ ಗೌನನ್ನು ಮತ್ತೊಮ್ಮೆ ತೊಡುವ ಸಂದರ್ಭವೇ ಅವರಿಗಿಲ್ಲ, ಒಬ್ಬಳ ಅಳತೆಗೆ ಹೊಲಿದದ್ದು ಇನ್ನೊಬ್ಬಳಿಗೆ ಸುಲಭವಾಗಿ ಆಗುವುದೂ ಇಲ್ಲ. ಪೆಟ್ಟಿಗೆ ಅವರಿಗೆ ಅನಿವಾರ್ಯ. ಆ ಪೆಟ್ಟಿಗೆಯ ಜಾಹೀರಾತು ಈಗ ನಮ್ಮ ಫೋನುಗಳಿಗೂ ಬರತೊಡಗಿದೆ. ಹೊಲಿಗೆಯಿಲ್ಲದ ಐದೂವರೆ ಮೀಟರಿನ ಸೀರೆ ಯಾರ ಮೈಗೂ ಆಗುವಂಥದ್ದು, ಮದುವೆಯ ಮರುದಿನವೇ ಹಬ್ಬಕ್ಕೂ ಆಗುವಂಥದ್ದು. ಅದನ್ನು ಗೌನಿನಂತೆ ಪೆಟ್ಟಿಗೆಗೆ ಸೇರಿಸುವುದು ಇಲ್ಲದ ಕೊರತೆಯನ್ನು ಕೊಂಡು ತಂದಂತೆ ನನಗೆ ಕಾಣುತ್ತದೆ. ಆರತಕ್ಷತೆಗೆಂದು ಹೊಲಿಸಿದ ಲೆಹೆಂಗಾ, ಗೌನುಗಳ ಮಾತು ಬೇರೆ. ಅವನ್ನು ಇಟ್ಟುಕೊಳ್ಳುವ ಬದಲು ತೊಡುವವರಿಗೆ ಬೇಗ ಕೊಟ್ಟುಬಿಡುವುದೇ ಲೇಸು.

ಮಗಳು ಬೆಂಗಳೂರಿನಲ್ಲಿದ್ದಾಳೆ, ಆಫೀಸಿಗೆ ಸೀರೆ ಉಡುವುದಿಲ್ಲ, ಅಲ್ಲಿನ ಬಾಡಿಗೆ ಮನೆಯಲ್ಲಿ ಜಾಗವಿಲ್ಲ, ಆದ್ದರಿಂದ ತವರಿನ ಕಪಾಟಿನಲ್ಲೇ ಸುರಕ್ಷಿತ ಎನ್ನುತ್ತಾರೆ ಹಲವು ಆಯಿಯಂದಿರು. ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆಯ ಊರನ್ನು ಬಿಟ್ಟು ಅದರ ಹಲವು ಪಟ್ಟು ಮಳೆಯ ಊರಿನಲ್ಲಿ ರೇಷ್ಮೆ ಇಡುವುದು ಯಾವ ಲೆಕ್ಕದ ಸುರಕ್ಷೆ? ತವರಿನಲ್ಲಿ ಬಿಟ್ಟ ಸೀರೆಗೆ ವಾರಸುದಾರರೂ ಇಲ್ಲ. ತನ್ನದಲ್ಲವೆಂದು ಆಯಿ ಬಿಚ್ಚುವುದಿಲ್ಲ, ಎದುರಿಗಿಲ್ಲವೆಂದು ಮಗಳು ನೆನೆಯುವುದಿಲ್ಲ. ಹಬ್ಬಕ್ಕೆ ಬಂದವಳ ಚೀಲಕ್ಕೆ ಉಪ್ಪಿನಕಾಯಿ, ಹಪ್ಪಳದ ಜತೆ ಅದನ್ನೂ ಹಾಕಿ ಕಳಿಸಬೇಕು. ಬೆಂಗಳೂರಿನ ಕಪಾಟಿನಲ್ಲಿ ಒಂದು ಪಂಚೆಯ ಗಂಟಿಗೆ ಜಾಗ ಸಿಗದಿರುವುದಿಲ್ಲ.

ಈ ವಾದಕ್ಕೆ ಒಗ್ಗದ ಒಂದು ಬಗೆಯ ಸೀರೆಯಿದೆ. ಅಜ್ಜಿಯ ಕಾಲದ್ದು, ಈಗಾಗಲೇ ಮಡಿಕೆಗಳಲ್ಲಿ ಬಿರಿದು ಹಿಂಜಿದ್ದು. ಅದನ್ನು ಪ್ರೀತಿಯಿಂದ ಉಡಹೋಗಿ ಸೊಂಟಕ್ಕೆ ಬಿಗಿದರೆ ಅದೇ ಕೊನೆಯ ಸಲವಾಗುತ್ತದೆ. ತೊಳೆಯುವುದೂ ಬೇಡ, ಒದ್ದೆಯಾದ ಜೀರ್ಣ ರೇಷ್ಮೆ ಎತ್ತುವಾಗಲೇ ಹರಿಯುತ್ತದೆ. ಕೊಳವೆಗೆ ಸುತ್ತಿ ಇಡುವ ವಿಧಾನ ಇಂಥದಕ್ಕೇ ಇರುವುದು. ಒಡಲು ಪೂರ್ತಿ ಹೋಗಿ ಅಂಚು ಸೆರಗು ಮಾತ್ರ ಗಟ್ಟಿಯಿದ್ದರೆ, ಅದನ್ನು ಬಿಡಿಸಿ ಮೊಮ್ಮಗಳ ಲಂಗಕ್ಕೆ ಹಚ್ಚುವುದರಲ್ಲಿ ಅಪಚಾರವೇನೂ ಇಲ್ಲ. ಹಳೆಯ ಜರಿಯ ತೂಕಕ್ಕೆ ಹೊಸ ಬಟ್ಟೆ ಹರಿಯದಂತೆ ಒಳಗಿನಿಂದ ಹತ್ತಿಯ ಆಸರೆ ಕೊಟ್ಟು ಹೊಲಿಯಲು ದರ್ಜಿಗೆ ಹೇಳಬೇಕು.